ಅತ್ತಿಬೆಲೆ ಬಸ್ಸಿನ ಆರು ನಿಮಿಷ

"ಏನಮ್ಮ ಸೈಲಾ, ನೀರ್ ಬುಟ್ಟು ಅರ್ಧ ಗಂಟೆ ಆಯ್ತು. ಬಿಂದ್ಗೆ ಇಡಾಕೂ ಮುಹೂರ್ತ ನೋಡ್ತಿದ್ದೀಯಾ? ಮೋಟ್ರು ಆಫ್ ಮಾಡ್ಬುಡ್ತೀನಿ ನೋಡು!"

ಮನೆಯೊಡತಿ ಚಿಕ್ಕಮುನಿಯಮ್ಮನ ಬೈಗುಳ ಕೇಳಿ ಶೈಲಶ್ರೀ ಚಾಪೆಯ ಮೇಲೆ ಎದ್ದು ಕೂತಳು. ಗಂಡನನ್ನು ಮುಧೋಳದ ಹತ್ತಿರದ ಊರಿನಲ್ಲಿ ಮಣ್ಣು ಮಾಡಿ ಹೆಬ್ಬಗೋಡಿಗೆ ಮರಳಿ ಬಂದ ಮೇಲೆ ಐದು ದಿನ ಈ ಹೆಂಗಸು ಒಂದು ಮಾತೂ ಆಡಿರಲಿಲ್ಲ. ಬೆಳಗಾಗುವಷ್ಟರಲ್ಲಿ ತುಂಬಿದ ಬಿಂದಿಗೆಯೊಂದನ್ನು ಹೊಸ್ತಿಲ ಹೊರಗೆ ಇಟ್ಟು ಹೋಗಿರುತ್ತಿದ್ದಳು. ನಿನ್ನೆ ಸಂಜೆ ಅತ್ತೆ ಮಲಕವ್ವ, ಮೈದುನ ಊರಿನ ಬಸ್ಸು ಹತ್ತಿದರು. ಇವತ್ತು ಬಿಂದಿಗೆ ಇರಲಿಲ್ಲ, ಬೈಗುಳವಿತ್ತು. ಅಳುವವರ ಸರದಿ ಮುಗಿಯಿತು, ಇನ್ನು ನೀರು ಹಿಡಿಯುವವರ ಸಾಲಿನಲ್ಲಿ ತಾನೂ ಒಬ್ಬಳು ಎಂದು ಅವಳಿಗೆ ಗೊತ್ತಾಯಿತು. ಎದ್ದು ಹೋಗಿ ಎರಡು ಬಿಂದಿಗೆ ಹಿಡಿದಳು.

ಮನೆಯಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಅವಳು ಪಾಠ ಹೇಳುವ ಪಿಯು ಕಾಲೇಜಿನವರು ತಿಂಗಳ ಕೊನೆಯವರೆಗೆ ರಜೆ ಕೊಟ್ಟಿದ್ದರು. ಸುಮ್ಮನೆ ಕೂತವಳ ಕಣ್ಣಿಗೆ ಮಂಚದ ಕೆಳಗೆ ನೂಕಿಟ್ಟಿದ್ದ ಗಂಡ ಬಸಲಿಂಗನ ಬ್ಯಾಗು ಬಿತ್ತು. ಪೊಲೀಸರು ಬೈಕಿನಿಂದ ಬಿಚ್ಚಿ ಕೊಟ್ಟದ್ದು. ಹೊಸೂರು ರಸ್ತೆಯಲ್ಲಿ ಲಾರಿ ಬಡಿದಾಗ ಬೈಕು ನುಜ್ಜುಗುಜ್ಜಾಗಿತ್ತು, ಬ್ಯಾಗಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. "ಅದನ್ನ ಮುಟ್ಟಬ್ಯಾಡ ಈಗ" ಎಂದು ಅತ್ತೆ ಒಳಗೆ ಸರಿಸಿದ್ದಳು.

ಅವಳು ಎಳೆದು ತೆಗೆದಳು. ಸ್ಕ್ರೂಡ್ರೈವರುಗಳು, ಕೇಬಲ್ ತುಂಡುಗಳು, ಕರಿ ಟೇಪಿನ ಸುರುಳಿ, ಒಂದು ನೋಟುಪುಸ್ತಕ. ತಳದಲ್ಲಿ, ಅವಳೇ ಇಸ್ತ್ರಿ ಮಾಡಿ ಕೊಟ್ಟಿದ್ದ ಕರ್ಚೀಫು. ಕರ್ಚೀಫಿನೊಳಗೆ ಏನೋ ಗಟ್ಟಿಯಾಗಿತ್ತು. ಬಿಚ್ಚಿದಳು.

ಹೆಂಗಸರ ವಾಚು.

ಚಿನ್ನದ ಬಣ್ಣದ ತೆಳು ಚೈನು, ಹುಣಸೆ ಬೀಜದಷ್ಟು ಅಗಲದ ಗುಲಾಬಿ ಮುಖ. ನಡೆಯುತ್ತಿತ್ತು. ಒಂದು ಕೊಂಡಿಯಲ್ಲಿ ಉದ್ದನೆಯ ಕೂದಲೊಂದು ಸಿಕ್ಕಿಕೊಂಡಿತ್ತು.

ಹದಿನೇಳು ದಿನಗಳಿಂದ ಶೈಲಶ್ರೀಗೆ ಯಾವುದೂ ಹತ್ತಿರ ಬಂದು ತಟ್ಟಿರಲಿಲ್ಲ. ಮಣ್ಣು ಹಾಕುವಾಗಲೂ ಬೇರೆ ಯಾರದೋ ಕೈ ಎಂಬಂತೆ ತನ್ನ ಕೈಯನ್ನು ನೋಡಿದ್ದಳು. ಈಗ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಮದುವೆಯಲ್ಲಿ ಅವಳು ಅವನಿಗೆ ಒಂದು ವಾಚು ಕೊಟ್ಟಿದ್ದಳು. ಎರಡು ದಿನ ಕಟ್ಟಿ ಬಿಚ್ಚಿಟ್ಟಿದ್ದ. "ಕೈ ಕಟ್ಟಿ ಹಾಕಿದಂಗ ಆಗತೈತಿ ಶೈಲಾ" ಎಂದಿದ್ದ. ಅದು ಬೀರುವಿನಲ್ಲಿ ಡಬ್ಬಿ ಸಮೇತ ಸತ್ತು ಬಿದ್ದಿತ್ತು. ಇನ್ನೊಬ್ಬಳ ವಾಚನ್ನು ಇವನು ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ ಸುತ್ತಿ ಇಟ್ಟುಕೊಂಡಿದ್ದ. ಅದೂ ಅವಳು ಒಗೆದ ಬಟ್ಟೆಯಲ್ಲಿ.

ಫೋನು ತೆಗೆದು ಗಂಟೆ ನೋಡಿದಳು. ವಾಚು ಆರು ನಿಮಿಷ ಹಿಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದಳು, ಆಗಲೂ ಆರೇ. ತಿಂಡಿ ಮಾಡಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ನೋಡಿದಳು, ಆರೇ. ಸೆಲ್ಲು ಸಾಯುತ್ತಿದ್ದರೆ ಅಂತರ ಬೆಳೆಯುತ್ತಾ ಹೋಗಬೇಕು. ಇದು ಬೆಳೆಯುತ್ತಿಲ್ಲ. ಯಾರೋ ಬೇಕೆಂದೇ ಹಿಂದಕ್ಕೆ ತಿರುಗಿಸಿ ಇಟ್ಟಿದ್ದಾರೆ.

ಫೋನು ಬಂತು.

"ಮೇಡಂ, ನಾನು ಬಾಲಾಜಿ ಅಂತ. ಬಸು ಸರ್ ಜಾಗಕ್ಕೆ ಏಜೆನ್ಸಿಯಿಂದ ಕಳ್ಸಿದಾರೆ. ಈ ಟೈಮಲ್ಲಿ ಡಿಸ್ಟರ್ಬ್ ಮಾಡ್ತಿದ್ದೀನಿ, ಬೇಜಾರ್ ಮಾಡ್ಕೋಬೇಡಿ. ಇಲ್ಲಿ ವೈರ್‌ಲೆಸ್ ಡಿವೈಸ್‌ದು ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಎಲ್ಲಾ ಬ್ರಾಂಚಲ್ಲೂ ಗಡಿಯಾರ ಆಟೊಮ್ಯಾಟಿಕ್ ಮಾಡ್ಬೇಕು ಅಂತ ಹೆಡ್ ಆಫೀಸಿಂದ ಮೇಲ್ ಬಂದಿದೆ. ಇವತ್ತೇ ಲಾಸ್ಟು. ಸರ್ ಎಲ್ಲಾದ್ರೂ ಬರ್ದಿಟ್ಟಿದಾರಾ?"

ಅವಳು ನೋಟುಪುಸ್ತಕ ತಿರುವಿದಳು. ಬಸಲಿಂಗ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯ ನಾಲ್ಕು ವೈರ್‌ಲೆಸ್ ಪೆಟ್ಟಿಗೆಗಳು, ನಾಲ್ಕು ಗುಪ್ತಪದಗಳು. ಓದುವ ಮುಂಚೆ ಎದೆ ಗಟ್ಟಿ ಮಾಡಿಕೊಂಡಳು. ಯಾವಳದೋ ಹೆಸರು ಕಾಣುತ್ತದೆ ಎಂದು. ನಾಲ್ಕೂ ಊರಿನಲ್ಲಿ ಸಾಕಿದ್ದ ಎತ್ತುಗಳ ಹೆಸರು. ಯಾವ ಹೆಂಗಸೂ ಇರಲಿಲ್ಲ. ಶೈಲಶ್ರೀಯೂ ಇರಲಿಲ್ಲ.

"ಬರದಾರ," ಎಂದಳು. "ನಾನೇ ಬರ್ತೀನಿ."

"ಅಯ್ಯೋ ಮೇಡಂ, ಫೋನಲ್ಲೇ ಹೇಳಿದ್ರೆ ಸಾಕು."

"ಬರ್ತೀನಿ ಅಂದ್ನೆಲ್ಲಾ."

"ಸರಿ, ಹಾಗಾದ್ರೆ ಒಂದು ಗಂಟೆ ಮೇಲೆ ಬನ್ನಿ. ಅಲ್ಲಿವರ್ಗೂ ರೂಮ್ ಕೀ ಸಿಗಲ್ಲ."

ಅವಳು ಸೀರೆ ಬದಲಿಸಿ ಹೊರಬಂದಾಗ ಚಿಕ್ಕಮುನಿಯಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. "ತಿಂಗಳು ತುಂಬಿಲ್ಲ, ಎತ್ಲಾಗಮ್ಮ ಒಂಟೆ?"

"ಅವರ ಫ್ಯಾಕ್ಟರಿಗೆ. ಅವರ ಸಾಮಾನು ಏನೋ ಕೊಡೋದೈತಿ."

"ಕೊಡಾಕೋ, ಈಸ್ಕೊಳಾಕೋ?"

ಶೈಲಶ್ರೀ ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ವಾಚು ಕರ್ಚೀಫಿನ ಸಮೇತ ಪರ್ಸಿನಲ್ಲಿತ್ತು, ನೋಟುಪುಸ್ತಕ ಹೆಗಲ ಬ್ಯಾಗಿನಲ್ಲಿ. ಆ ಕೈ ಯಾರದೆಂದು ನೋಡಬೇಕಿತ್ತು, ಅಷ್ಟೇ. ವರ್ಷಗಟ್ಟಲೆ ವಾಚು ಕಟ್ಟಿದ ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ ಉಳಿದಿರುತ್ತದೆ. ಹದಿನೇಳು ದಿನಕ್ಕೆ ಅದು ಮಾಸುವುದಿಲ್ಲ. ಆಟೊದಲ್ಲಿ ಕೂತು ಆ ಮಣಿಕಟ್ಟನ್ನು ಬಗೆಬಗೆಯಾಗಿ ಕಲ್ಪಿಸಿಕೊಂಡಳು. ಎಲ್ಲವೂ ತನ್ನದಕ್ಕಿಂತ ಸಪೂರವಾಗಿದ್ದವು.

ಅದು ಸರ್ಕ್ಯೂಟ್ ಬೋರ್ಡು ಮಾಡುವ ಕಾರ್ಖಾನೆ. ಗೇಟಿನಲ್ಲಿ ಫೋನು ಇಸಿದುಕೊಂಡು ಬಿಲ್ಲೆ ಕೊಟ್ಟರು. ಬಾಲಾಜಿ ಬಂದು ಒಳಗೆ ಕರೆದೊಯ್ದ. ಗಾಜಿನ ಗೋಡೆಯಾಚೆ ಎಂಬತ್ತು ತೊಂಬತ್ತು ಹೆಣ್ಣುಮಕ್ಕಳು ಸಾಲಾಗಿ ಬೋರ್ಡುಗಳ ಮೇಲೆ ಬಾಗಿದ್ದರು. ಶೈಲಶ್ರೀ ನಿಂತು ನೋಡಿದಳು. ಎಲ್ಲರ ಎಡಗೈಗೂ ನೀಲಿ ಪಟ್ಟಿ, ಪಟ್ಟಿಯಿಂದ ಮೇಜಿಗೆ ಒಂದೊಂದು ತಂತಿ. ಒಬ್ಬಳ ಮಣಿಕಟ್ಟೂ ಬರಿದಾಗಿ ಕಾಣಲಿಲ್ಲ.

"ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ ಅಂತ ಮೇಡಂ," ಎಂದ ಬಾಲಾಜಿ. "ಬಳೆ, ವಾಚು, ಏನೂ ಹಾಕೋ ಹಾಗಿಲ್ಲ. ಎಲ್ಲಾ ಬಿಚ್ಚಿ ಒಳಗೆ ಬರ್ಬೇಕು."

ಬಿಚ್ಚಿ ಯಾರ ಕೈಗೆ ಕೊಡುತ್ತಾರೆ ಎಂದು ಕೇಳಬೇಕೆನಿಸಿತು. ಬಾಲಾಜಿಯ ಹಿಂದೆ ನಡೆದಳು.

ಬಸಲಿಂಗ ಕೂರುತ್ತಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯ ಮೇಲೆ ಬಿಳಿ ಪೆಟ್ಟಿಗೆ, ಅದರಲ್ಲಿ ಮಿನುಗುವ ಹಸಿರು ದೀಪ. ಮೇಜಿನ ಮೇಲೆ ಅವನ ಲ್ಯಾಪ್‌ಟಾಪು. ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಹೆಬ್ಬೆರಳಷ್ಟು ಕರಿ ಟೇಪು ಅಂಟಿಸಿತ್ತು.

"ಸ್ಕ್ರೀನ್ ಅಲ್ಲಿ ಕ್ರ್ಯಾಕ್ ಆಗಿರ್ಬೇಕು," ಎಂದ ಬಾಲಾಜಿ. "ಹೇಳಿ ಮೇಡಂ, ಪಾಸ್‌ವರ್ಡು."

"ಸರೀರಿ," ಎಂದು ಅವಳೇ ಕುರ್ಚಿಗೆ ಕೂತಳು. ಧಾರವಾಡದಲ್ಲಿ ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್ಸಿ. ಮಾಡಿದವಳು, ಡಿಪ್ಲೊಮಾ ಮಾಡಿದ ಬಸಲಿಂಗ ಮನೆಯಲ್ಲಿ ಅವಳನ್ನು 'ಎಂ.ಎಸ್ಸಿ. ಮೇಡಂ' ಎಂದೇ ಕಾಡುತ್ತಿದ್ದ. ಎತ್ತಿನ ಹೆಸರು ಒತ್ತಿದಳು. ಪುಟ ತೆರೆಯಿತು.

ಸಮಯದ ಪುಟದಲ್ಲಿ ಎರಡು ಪುಟ್ಟ ವೃತ್ತಗಳಿದ್ದವು. ಗಂಟೆಯನ್ನು ಕೈಯಿಂದ ಹೊಂದಿಸಿ ಹಚ್ಚುವುದಕ್ಕೆ ಒಂದು, ಜಾಲದಿಂದ ತಾನೇ ಕೇಳಿ ತಿಳಿದುಕೊಳ್ಳುವುದಕ್ಕೆ ಇನ್ನೊಂದು. ಚುಕ್ಕೆ ಕೈಯಿಂದ ಹಚ್ಚುವುದರ ಮೇಲಿತ್ತು.

"ಇದೇ ನೋಡಿ ಮೇಡಂ ನಂಗೆ ಅರ್ಥ ಆಗದೇ ಇರೋದು. ಈ ಡಿವೈಸಲ್ಲಿ ಬ್ಯಾಟ್ರಿ ಇಲ್ಲ. ಯುಪಿಎಸ್ ಕೂಡ ಡೌನ್ ಆದ್ರೆ ಗಡಿಯಾರ ಎರಡು ಸಾವಿರನೇ ಇಸವಿಗೆ ಹೋಗ್ಬಿಡುತ್ತೆ. ಗೇಟಲ್ಲಿ ಪಂಚಿಂಗ್ ಮಷೀನು, ಶಿಫ್ಟಿಂದು ಸೈರನ್ನು, ಎರಡೂ ಇದನ್ನೇ ಫಾಲೋ ಮಾಡೋದು. ಹಂಗೆ ಆದಾಗೆಲ್ಲ ಸರ್ ಕೈಯಲ್ಲೇ ಟೈಂ ಹಾಕ್ತಿದ್ರಂತೆ. ಒಂದು ಟಿಕ್ ಮಾಡಿದ್ರೆ ಮುಗೀತಿತ್ತು. ಎರಡು ವರ್ಷದಿಂದ ಯಾಕೆ ಮಾಡ್ಲಿಲ್ಲ?"

ಕಡೆಯ ಸಲ ಗಂಟೆ ಹಚ್ಚಿದ ದಾಖಲೆ ಕೆಳಗೇ ಇತ್ತು. ಆ ಗುರುವಾರ, ಮಧ್ಯಾಹ್ನ. ಅವನು ಸತ್ತದ್ದು ಅದೇ ಸಂಜೆ. ಅಂದಿನಿಂದ ಕರೆಂಟು ಪೂರ್ತಿ ಹೋಗಿರಲಿಲ್ಲ; ಅವನು ಹಚ್ಚಿಟ್ಟ ಗಂಟೆಯೇ ಇನ್ನೂ ಈ ಪೆಟ್ಟಿಗೆಯಲ್ಲಿ ನಡೆಯುತ್ತಿತ್ತು. ಸೆಕೆಂಡು ಒಂದೊಂದಾಗಿ ಬದಲಾಗುವುದನ್ನು ಅವಳು ನೋಡುತ್ತಾ ಕೂತಳು. ಒಂದು ಗಂಟೆ ನಲವತ್ತೇಳು ನಿಮಿಷ.

ಪರ್ಸಿನಿಂದ ವಾಚು ತೆಗೆದು ಮೇಜಿನ ಮೇಲಿಟ್ಟಳು. ಒಂದು ನಲವತ್ತೇಳು.

ಆಮೇಲೆ, ಏನೋ ಹೊಳೆದಂತೆ, ಉಗುರಿನಿಂದ ಆ ಕರಿ ಟೇಪು ಕಿತ್ತಳು. ಅಡಿಯಲ್ಲಿ ಪರದೆ ಒಡೆದಿರಲಿಲ್ಲ. ಲ್ಯಾಪ್‌ಟಾಪಿನ ಗಂಟೆ ಇತ್ತು. ಒಂದು ಐವತ್ತಮೂರು.

ಅವನು ಸರಿಯಾದ ಗಂಟೆಗೆ ಟೇಪು ಹಚ್ಚಿ ಮುಚ್ಚಿ, ಆ ಗುಲಾಬಿ ಮುಖವನ್ನು ನೋಡಿಕೊಂಡು ಇಡೀ ಕಾರ್ಖಾನೆಗೆ ಗಂಟೆ ಹಚ್ಚಿದ್ದ.

ಮನೆಯಲ್ಲಿ ಅವನು ಒಂದು ದಿನ ಹೇಳಿದ ಹೊತ್ತಿಗೆ ಬಂದವನಲ್ಲ. ಸಿನಿಮಾಕ್ಕೆ ಟಿಕೆಟು ತೆಗೆದರೆ ಅರ್ಧ ಮುಗಿದ ಮೇಲೆ ಬರುತ್ತಿದ್ದ. ಅವಳ ತಂದೆಯ ಕಣ್ಣಿನ ಆಪರೇಷನ್ನಿಗೆ ಮಾರನೆಯ ದಿನ ಬಂದಿದ್ದ. ಇಲ್ಲಿ ಒಬ್ಬಳ ಮಣಿಕಟ್ಟಿನ ಗಂಟೆಗೆ ಎರಡು ವರ್ಷ ನಿಮಿಷ ತಪ್ಪದೆ ನಡೆದುಕೊಂಡಿದ್ದಾನೆ.

"ಯಾರದು ಮೇಡಂ ವಾಚು?" ಎಂದ ಬಾಲಾಜಿ.

"ಅದನ್ನ ತಿಳ್ಕೊಳಾಕ ಬಂದೀನಿ. ಹೆಡ್ ಆಫೀಸಿನವರು ಕೊಟ್ಟ ಅಡ್ರೆಸ್ ಹೇಳ್ರಿ."

ಅವನು ಚೀಟಿ ನೋಡಿ ಅಂಕಿಗಳನ್ನು ಓದಿದ. ಅವಳು ಗಂಟೆ ಕೊಡುವ ಸರ್ವರಿನ ವಿಳಾಸ ತುಂಬಿದಳು. ಇಪ್ಪತ್ತನಾಲ್ಕು ಗಂಟೆಗೊಮ್ಮೆ ಕೇಳು ಎಂದು ಆರಿಸಿದಳು. ಬಾಲಾಜಿ ಆತುರದಿಂದ, "ಅಷ್ಟೇ, ಸೇವ್ ಕೊಡಿ" ಎಂದ.

"ಇದು ಲಂಡನ್ನಿನ ಗಂಟೆ ಆಗತೈತಿ. ನಮ್ಮ ಗಂಟೆ ಐದೂವರೆ ಮುಂದ." ದೇಶಗಳ ಪಟ್ಟಿಯಲ್ಲಿ ಕೆಳಗಿಳಿದು ನಮ್ಮದನ್ನು ಆರಿಸಿದಳು. ನಂತರ ಚುಕ್ಕೆಯನ್ನು ಎರಡನೆಯ ವೃತ್ತಕ್ಕೆ ಒಯ್ದಳು.

ಉಳಿಸು ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಇದನ್ನು ಒತ್ತಿದರೆ ಅವನು ಕೈಯಾರೆ ಹಚ್ಚಿದ್ದು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದು ಅವನದಲ್ಲವಲ್ಲ, ಆ ವಾಚಿನವಳದು. ಹೋಗಲಿ. ಅವನನ್ನು ಆ ಕೈಯಿಂದ ಕಿತ್ತು ತೆಗೆಯುವ ಬೇರೆ ದಾರಿ ಅವಳಿಗೆ ಕಾಣಲಿಲ್ಲ. ಒತ್ತಿದಳು.

ಅಷ್ಟು ಹೊತ್ತಿಗೆ ಒಂದು ಐವತ್ತಮೂರಕ್ಕೆ ಬಂದಿದ್ದ ಪೆಟ್ಟಿಗೆಯ ಗಂಟೆ ಒಮ್ಮೆಲೇ ಒಂದು ಐವತ್ತೊಂಬತ್ತಕ್ಕೆ ನೆಗೆಯಿತು. ಅವಳು ಎದ್ದು ವಾಚನ್ನು ಕರ್ಚೀಫಿನಲ್ಲಿ ಸುತ್ತುತ್ತಿದ್ದಾಗ ಸೈರನ್ನು ಕೂಗಿತು.

"ಅಯ್ಯಯ್ಯೋ," ಎಂದು ಬಾಲಾಜಿ ನಕ್ಕ. "ಇವತ್ತು ಆರು ನಿಮಿಷ ಫ್ರೀ ಸಿಗ್ತು ಹುಡ್ಗೀರಿಗೆ. ನಾಳೆ ಬೆಳಿಗ್ಗೆ ಗೊತ್ತಾಗುತ್ತೆ. ಅತ್ತಿಬೆಲೆ ಬಸ್ಸಿನೋರ ಕಥೆ ಮುಗೀತು."

"ಯಾಕ?"

"ಶಿಫ್ಟು ಆರಕ್ಕೆ ಮೇಡಂ. ಅಲ್ಲಿಂದ ಮೊದಲನೇ ಬಸ್ಸೇ ಇಲ್ಲಿಗೆ ಬರೋದು ಆರು ಐದಕ್ಕೆ. ಹನ್ನೊಂದು ಜನ ಬರ್ತಾರೆ. ಹಾಜರಿಯಲ್ಲಿ ಲೇಟ್ ಅಂತ ತಿಂಗಳಿಗೆ ಮೂರು ಸಲ ಕೆಂಪು ಬಿದ್ರೆ ಕಾಂಟ್ರ್ಯಾಕ್ಟ್ ಕಟ್. ಇಷ್ಟು ದಿನ ಹೆಂಗೆ ಕೆಂಪು ಬೀಳ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು ನೋಡಿ."

ಶೈಲಶ್ರೀ ಕರ್ಚೀಫಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಗೇಟಿನ ಕಡೆ ನಡೆದಳು.

ಲಾಕರುಗಳ ಹತ್ತಿರ ಗದ್ದಲ. "ಏನ್ರೇ ಇವತ್ತು ಸೈರನ್‌ಗೆ ಹಸಿವಾಯ್ತಾ?" "ನನ್ನ ಎರಡು ಬೋರ್ಡು ಅಲ್ಲೇ ಉಳೀತು ಕಣೇ!" "ಸುಮ್ನೆ ನಡಿ, ಮ್ಯಾನೇಜರ್ ವಾಪಸ್ ಕರಿಯೋಕ್ ಮುಂಚೆ." ಬಳೆ ಏರಿಸಿಕೊಳ್ಳುವವರು, ಫೋನು ಇಸಿದುಕೊಳ್ಳುವವರು. ಶೈಲಶ್ರೀ ತನ್ನ ಫೋನು ಇಸಿದುಕೊಂಡು, ಕರ್ಚೀಫು ಬಿಚ್ಚಿ, ವಾಚನ್ನು ಅಂಗೈಯಲ್ಲಿ ಇಟ್ಟುಕೊಂಡು ನಡುವೆ ನಿಂತಳು. ಕೇಳುವ ಅಗತ್ಯವೇ ಬೀಳಲಿಲ್ಲ.

"ಲೇ ಮಂಜೂ, ನಿನ್ನ ವಾಚು!"

ಗದ್ದಲ ನಿಂತಿತು. ಹಿಂದಿನಿಂದ ಒಬ್ಬಳು ಬಂದಳು. ಇಪ್ಪತ್ತನಾಲ್ಕು ಇರಬಹುದು. ಎಣ್ಣೆಗಪ್ಪು ಮೈಬಣ್ಣ, ಸೊಂಟದವರೆಗೆ ಜಡೆ. ಎಡ ಮಣಿಕಟ್ಟಿನಲ್ಲಿ ಬಿಳಿಯ ಗೆರೆ. ಹೌದು, ಸಪೂರವಾಗಿತ್ತು.

"ನೀವು ಶೈಲಕ್ಕ ಅಲ್ವಾ?" ಎಂದಳು. "ಅಣ್ಣ ಫೋಟೋ ತೋರ್ಸಿದ್ರು. ನಾನು ಮಂಜುಶ್ರೀ. ಊರಿಗೆ ಬರ್ಬೇಕು ಅಂತ ಇದ್ವಿ ಅಕ್ಕ, ನಾವೆಲ್ಲ. ರಜಾ ಕೊಡ್ಲಿಲ್ಲ."

ಅಣ್ಣ ಎಂಬ ಮಾತನ್ನು ಶೈಲಶ್ರೀ ನಾಣ್ಯದಂತೆ ಬಡಿದು ನೋಡಿದಳು. ಖೋಟಾ ಅನ್ನಿಸಲಿಲ್ಲ. ಆದರೂ ಕೆಂಡ ಆರಲಿಲ್ಲ.

"ನಿನ್ನ ವಾಚು ಅವರ ಹತ್ರ ಯಾಕಿತ್ತು?"

ಮಂಜುಶ್ರೀ ಸುತ್ತಲೂ ನೋಡಿ, ಗೇಟಿನಾಚೆಯ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದಳು. ಇನ್ನಿಬ್ಬರು ಹಿಂದೆಯೇ ಬಂದರು.

"ಎರಡು ವರ್ಷದ ಹಿಂದೆ ನಂಗೆ ಎರಡು ಕೆಂಪು ಬಿದ್ದಿತ್ತು ಅಕ್ಕ. ಅಣ್ಣನ ಹತ್ರ ಹೋಗಿ ಅತ್ತೆ. ಗಡಿಯಾರ ನಿಮ್ಮ ಕೈಲೇ ಇದೆಯಲ್ಲ, ಸ್ವಲ್ಪ ಹಿಂದೆ ಹಾಕಿ ಅಂತ. ಅವರೇನಂದ್ರು ಗೊತ್ತಾ?" ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಗಲ್ಲ ಮೇಲೆತ್ತಿ, ದನಿ ದಪ್ಪ ಮಾಡಿದಳು. "'ಏ, ನಾ ಸುಳ್ಳು ಬರಿಯಾಂವಲ್ಲವಾ. ಯಾವುದರ ಒಂದು ಗಡಿಯಾರ ತೋರಸು. ಅದರಾಗ ಎಷ್ಟ ಐತಿ, ಅಷ್ಟ ಬರೀತೀನಿ.'"

ಹಿಂದಿದ್ದ ಇಬ್ಬರೂ ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಬಸಲಿಂಗನೇ. ಗಲ್ಲ ಎತ್ತುವುದು, 'ಏ' ಎಂಬಲ್ಲಿ ಎಳೆಯುವುದು, ಒಂದೂ ತಪ್ಪಿರಲಿಲ್ಲ. ಹದಿನೇಳು ದಿನಗಳ ಮೇಲೆ ಶೈಲಶ್ರೀ ಗಂಡನ ದನಿ ಕೇಳಿದಳು, ಇನ್ನೊಬ್ಬಳ ಬಾಯಿಂದ. ಅವಳು ಎಷ್ಟು ಪ್ರಯತ್ನಪಟ್ಟರೂ ತಲೆಯೊಳಗೆ ಆ ದನಿ ಏಳುತ್ತಿರಲಿಲ್ಲ. ಈ ಹುಡುಗಿಗೆ ಅದು ನಾಲಿಗೆಯ ತುದಿಯಲ್ಲೇ ಇತ್ತು.

"ಅದಕ್ಕೆ ನಾನು ವಾಚನ್ನ ಆರು ನಿಮಿಷ ಹಿಂದೆ ತಿರುಗ್ಸಿ ಕೊಟ್ಟೆ. ಕರೆಂಟ್ ಹೋದಾಗೆಲ್ಲ ಬಂದು ಲಾಕರಿಂದ ತೆಗ್ಸಿ ಇಸ್ಕೊಂಡು ಹೋಗೋರು, ಟೈಂ ಹಾಕಿ ವಾಪಸ್ ಕೊಡೋರು. ನಾವೇನು ಕದ್ದಿಲ್ಲ ಅಕ್ಕ. ಸೈರನ್ನೂ ಆರು ನಿಮಿಷ ತಡ ಆಗ್ತಿತ್ತಲ್ಲ, ಮಧ್ಯಾಹ್ನದ ಶಿಫ್ಟಿಗೆ ಬಿಟ್ಟುಕೊಡೋ ಹೊತ್ತಿಗೆ ಲೆಕ್ಕ ಸರಿ ಹೋಗ್ತಿತ್ತು. ಆ ಗುರುವಾರ ವಾಪಸ್ ಕೊಡೋದು ಮರ್ತು ಹೋದ್ರು. ನಾಳೆ ಕೊಡ್ತಾರೆ ಬಿಡು ಅಂದ್ಕೊಂಡೆ."

"ನನಗ ಯಾಕ ಹೇಳ್ಲಿಲ್ಲ ಅವರು?" ಕೇಳಬಾರದೆಂದುಕೊಂಡಿದ್ದೇ ಬಾಯಿಂದ ಬಂತು.

ಮಂಜುಶ್ರೀ ಜಡೆಯ ತುದಿ ಹಿಡಿದುಕೊಂಡಳು. "ಬೈತಾರೆ ಅಂತ. ನಮ್ಮ ಮನಿಯಾಕಿ ಎಂ.ಎಸ್ಸಿ., ಮೊದಲ ರೂಲ್ಸ್ ಹೇಳ್ತಾಳ, ಆಮ್ಯಾಲೆ ಊಟಕ್ಕ ನೀಡ್ತಾಳ ಅನ್ನೋರು. ತಮಾಷೆಗೆ ಅಕ್ಕ."

ತಮಾಷೆಯಲ್ಲ, ನಿಜ ಎಂದು ಶೈಲಶ್ರೀಗೆ ಗೊತ್ತಿತ್ತು. ಬೈಯುತ್ತಿದ್ದಳು. ಬೈದ ಮೇಲೆ ಕೂತು ಒಂದು ದಾರಿ ಹುಡುಕುತ್ತಿದ್ದಳು. ಆ ಎರಡನೆಯದನ್ನು ಅವನು ಕಾಯಲಿಲ್ಲ. ಈ ಹನ್ನೊಂದು ಮಂದಿಗೆ ದಿನಕ್ಕೆ ಆರು ನಿಮಿಷದಂತೆ ಎರಡು ವರ್ಷ ಕೊಟ್ಟ, ತನಗೆ ಒಂದು ಮಾತು ಕೊಡಲಿಲ್ಲ. ಅವನು ಬೇರೆ ಹೆಣ್ಣಿನ ಮೋಹಕ್ಕೆ ಬಿದ್ದಿದ್ದರೆ ಆ ಒಬ್ಬಳನ್ನು ದ್ವೇಷಿಸಿ ಮುಗಿಸಬಹುದಿತ್ತು. ಇದಕ್ಕೆ ಯಾರನ್ನು ದ್ವೇಷಿಸುವುದು? ಬಸ್ಸನ್ನೇ?

"ಸೈರನ್ ಇವತ್ತು ಬೇಗ ಆಯ್ತಲ್ಲ," ಎಂದಳು. "ಅದು ನಾ ಮಾಡಿದ್ದು. ಗಂಟೆ ಈಗ ಆಟೊಮ್ಯಾಟಿಕ್ ಐತಿ. ನಾಳಿಂದ ಯಾರ ವಾಚೂ ನಡ್ಯಾಂಗಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿದ್ದವಳೊಬ್ಬಳು, "ಅಯ್ಯೋ, ಬಸ್ಸು ತಪ್ಪಿ ನನ್ನದು ಈ ತಿಂಗಳು ಈಗಾಗ್ಲೇ ಎರಡು ಕೆಂಪು ಇದೆ," ಎಂದು ಕಲ್ಲಿನ ಮೇಲೆ ಕೂತುಬಿಟ್ಟಳು.

"ಗೊತ್ತಿದ್ದೇ ಮಾಡಿದ್ರಾ ಅಕ್ಕ?" ಎಂದಳು ಮಂಜುಶ್ರೀ.

"ಬಸ್ಸಿಂದು ಗೊತ್ತಿರಲಿಲ್ಲ. ವಾಚಿಂದು ಗೊತ್ತಿತ್ತು."

ಹುಡುಗಿಯ ಮುಖದಲ್ಲಿ ಅರ್ಥವಾದ ಗುರುತು ಮೂಡಿ, ಅದರ ಹಿಂದೆಯೇ ನಾಚಿಕೆ ಬಂತು. ತಲೆ ತಗ್ಗಿಸಿದಳು.

ಶೈಲಶ್ರೀ ಬ್ಯಾಗಿನಿಂದ ಬಸಲಿಂಗನ ನೋಟುಪುಸ್ತಕ ತೆಗೆದು, ಖಾಲಿ ಹಾಳೆಯೊಂದನ್ನು ಹರಿದು ತೊಡೆಯ ಮೇಲೆ ಇಟ್ಟುಕೊಂಡು ಬರೆಯತೊಡಗಿದಳು. ಅತ್ತಿಬೆಲೆಯಿಂದ ಬರುವ ಮೊದಲ ಬಸ್ಸಿನ ಹೊತ್ತು, ಹನ್ನೊಂದು ಮಂದಿಗೆ ಪಾಳಿಯನ್ನು ಆರು ಹತ್ತಕ್ಕೆ ಹಿಡಿದು ಎರಡು ಹತ್ತಕ್ಕೆ ಬಿಡಬೇಕೆಂಬ ವಿನಂತಿ. ಹತ್ತು ಸಾಲು. "ಎಲ್ಲರೂ ಸಹಿ ಮಾಡ್ರಿ. ಈಗಲೇ ಮ್ಯಾನೇಜರ್‌ಗೆ ಕೊಟ್ಟು ಬರ್ರಿ. ಪಾಳಿಯ ಹೊತ್ತು ಬದಲಿಸೋದೂ ಅದೇ ಪಂಚಿಂಗ್ ಯಂತ್ರದಾಗ ಐತಿ, ಬಾಲಾಜಿಗೆ ನಾ ತೋರಸ್ತೀನಿ. ಅವರು ಒಪ್ತಾರೋ ಇಲ್ಲೋ ಗೊತ್ತಿಲ್ಲ."

"ಇಷ್ಟೇನಾ ಅಕ್ಕ?" ಎಂದಳು ಕಲ್ಲಿನ ಮೇಲಿದ್ದವಳು.

"ಇಷ್ಟೇ. ಕೇಳಿದ್ರ ಆವತ್ತೇ ಬರಕೊಡ್ತಿದ್ದೆ."

ಗೇಟಿನ ಬಳಿಯಿದ್ದ ಉಳಿದವರನ್ನೂ ಕೂಗಿ ಕರೆದರು, ಹನ್ನೊಂದೂ ಸಹಿಗಳಾದವು. ಇಬ್ಬರು ಕಾಗದ ಹಿಡಿದು ಒಳಗೆ ಓಡಿದರು. ಮಂಜುಶ್ರೀ ಉಳಿದಳು. ಶೈಲಶ್ರೀ ಕರ್ಚೀಫನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ವಾಚನ್ನು ಮುಂದೆ ಚಾಚಿದಳು. ಹುಡುಗಿ ಕೈ ನೀಡಿದಾಗ ತಾನೇ ಚೈನನ್ನು ಸುತ್ತಿ ಕೊಂಡಿ ಹಾಕಿದಳು. ಅದು ಬಿಳಿ ಗೆರೆಯ ಮೇಲೆ ಸರಿಯಾಗಿ ಕೂತಿತು. ಪೆಟ್ಟಿಗೆಯ ಗಂಟೆಯನ್ನು ಅವಳು ಅಳಿಸಿಯಾಗಿತ್ತು. ಈಗ ಬಸಲಿಂಗನ ಹೊತ್ತು ನಡೆಯುತ್ತಿದ್ದುದು ಈ ಕೈಯೊಂದರ ಮೇಲೆ, ಅದೂ ತನ್ನದಲ್ಲದ ಕೈಯ ಮೇಲೆ.

"ಇನ್ನು ಇದು ಹಿಂದೆ ಇದ್ದು ಏನು ಮಾಡೋದು," ಎಂದು ಮಂಜುಶ್ರೀ ವಾಚಿನ ಪಕ್ಕದ ಗುಂಡಿಗೆ ಉಗುರು ಹಾಕಿದಳು. "ಟೈಂ ಎಷ್ಟಾಯ್ತು ಹೇಳಿ ಅಕ್ಕ, ಸರಿ ಮಾಡ್ಕೋತೀನಿ."

ಶೈಲಶ್ರೀ ಅವಳ ಬೆರಳು ಹಿಡಿದಳು.

"ಈಗ ಬ್ಯಾಡ," ಎಂದಳು. "ನಾ ಹೋದ ಮ್ಯಾಲೆ ತಿರುಗಿಸು."